ಮೂರೋ ನಾಲ್ಕೋ ಎಂಬ ಚರ್ಚೆಯಲ್ಲಿ ಮರೆತುಹೋದ ಪ್ರಯೋಗಾಲಯ

ಬೆಂಗಳೂರು: ಪದವಿ ಶಿಕ್ಷಣ ಎಷ್ಟು ವರ್ಷದ್ದಾಗಿರಬೇಕು ಎಂಬ ಪ್ರಶ್ನೆಗೆ ರಾಜ್ಯ ಸರ್ಕಾರ 2024ರ ಮೇ ತಿಂಗಳಲ್ಲಿ ಉತ್ತರ ನೀಡಿತು. ರಾಷ್ಟ್ರೀಯ ಶಿಕ್ಷಣ ನೀತಿಯಡಿ 2021-22ರಲ್ಲಿ ಆರಂಭವಾಗಿದ್ದ ನಾಲ್ಕು ವರ್ಷಗಳ ಆನರ್ಸ್ ಪದವಿಯನ್ನು ಕೈಬಿಟ್ಟು, 2024-25ನೇ ಸಾಲಿನ ಪ್ರವೇಶದಿಂದ ಮೂರು ವರ್ಷಗಳ ಪದವಿಗೆ ಮರಳಲಾಯಿತು. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿ ಈ ತೀರ್ಮಾನಕ್ಕೆ ಆಧಾರವಾಗಿತ್ತು. ಆಯೋಗ ತನ್ನ ಅಂತಿಮ ವರದಿಯನ್ನು 2025ರ ಆಗಸ್ಟ್‌ನಲ್ಲಿ ಸಲ್ಲಿಸಿತು.

ಮೂರು ವರ್ಷವೋ ನಾಲ್ಕು ವರ್ಷವೋ ಎಂಬ ವಾದವಿವಾದ ರಾಜಕೀಯ ವೇದಿಕೆಗಳಲ್ಲಿ ಸಾಕಷ್ಟು ನಡೆಯಿತು. ಆದರೆ ಆ ಗದ್ದಲದಲ್ಲಿ ಒಂದು ಪ್ರಶ್ನೆ ಬಹುಮಟ್ಟಿಗೆ ಕೇಳಿಬರಲೇ ಇಲ್ಲ. ನಾಲ್ಕನೇ ವರ್ಷದ ಮುಖ್ಯ ಆಕರ್ಷಣೆಯಾಗಿದ್ದದ್ದು ಸಂಶೋಧನಾ ಯೋಜನೆ. ಅದು ಹೋದ ಮೇಲೆ, ವಿಜ್ಞಾನ ಪದವಿ ಓದುವ ಹುಡುಗ ಅಥವಾ ಹುಡುಗಿ ಎಂ.ಎಸ್ಸಿ. ಸೇರುವ ಮುನ್ನ ನಿಜವಾದ ಸಂಶೋಧನೆಯ ಮೇಜಿನ ಮುಂದೆ ನಿಲ್ಲುವುದು ಎಲ್ಲಿ, ಯಾವಾಗ?

ಜೀವರಸಾಯನ ಶಾಸ್ತ್ರದ, ಅದರಲ್ಲೂ ಪ್ರೋಟೀನ್ ಸಂಶೋಧನೆಯ ವಿಷಯದಲ್ಲಿ ಈ ಪ್ರಶ್ನೆಗೆ ವಿಶೇಷ ಮಹತ್ವವಿದೆ. ಈ ಕ್ಷೇತ್ರದ ಹಳೆಯ ನೆಲೆಗಳಲ್ಲಿ ಕರ್ನಾಟಕವೂ ಒಂದು. ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗಕ್ಕೆ ಶತಮಾನ ದಾಟಿದೆ. ಪ್ರೋಟೀನ್ ರಚನೆಯನ್ನು ಓದಲು ಇಂದಿಗೂ ಜಗತ್ತು ಬಳಸುವ ‘ರಾಮಚಂದ್ರನ್ ನಕ್ಷೆ’ಯನ್ನು 1963ರಲ್ಲಿ ಮದ್ರಾಸಿನಲ್ಲಿ ರೂಪಿಸಿದ ಜಿ.ಎನ್. ರಾಮಚಂದ್ರನ್, ಬಳಿಕ ಬೆಂಗಳೂರಿಗೆ ಬಂದು ಅದೇ ಸಂಸ್ಥೆಯಲ್ಲಿ ಅಣು ಜೈವಿಕ ಭೌತಶಾಸ್ತ್ರ ವಿಭಾಗವನ್ನು ಕಟ್ಟಿದರು. ಮೈಸೂರಿನಲ್ಲಿ 1950ರಿಂದ ಕೆಲಸ ಮಾಡುತ್ತಿರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಪ್ರೋಟೀನ್ ಸಂಶೋಧನೆಗೆಂದೇ ವಿಭಾಗವಿದೆ. ಇಂತಹ ರಾಜ್ಯದಲ್ಲಿ ಪದವಿ ವಿದ್ಯಾರ್ಥಿಗೆ ಪ್ರಯೋಗಾಲಯದ ಬಾಗಿಲು ಎಷ್ಟು ತೆರೆದಿದೆ ಎಂಬುದು ಪರಿಶೀಲನೆಗೆ ಅರ್ಹವಾದ ಸಂಗತಿ.

ಪ್ರಯೋಗಾಲಯದೊಳಗೆ ನಡೆಯುವುದೇನು?

ಕಾಲೇಜಿನ ಪ್ರಾಯೋಗಿಕ ತರಗತಿಗೂ ಸಂಶೋಧನಾ ಪ್ರಯೋಗಾಲಯಕ್ಕೂ ಇರುವ ಅಂತರವನ್ನು ಅರಿಯದೆ ಈ ಚರ್ಚೆ ಅರ್ಥವಾಗದು. ಕಾಲೇಜಿನ ಪ್ರಯೋಗಕ್ಕೆ ಉತ್ತರ ಮೊದಲೇ ಗೊತ್ತಿರುತ್ತದೆ. ರೆಕಾರ್ಡ್ ಪುಸ್ತಕದಲ್ಲಿ ಬರೆಯಬೇಕಾದ ಅಂಕಿ ಹಿಂದಿನ ವರ್ಷದ ರೆಕಾರ್ಡಿನಲ್ಲೇ ಸಿಗುತ್ತದೆ. ಸಂಶೋಧನೆಯಲ್ಲಿ ಉತ್ತರ ಯಾರಿಗೂ ಗೊತ್ತಿರುವುದಿಲ್ಲ. ಮಾರ್ಗದರ್ಶಕರಿಗೂ ಗೊತ್ತಿರುವುದಿಲ್ಲ.

ಪ್ರೋಟೀನ್ ಪ್ರಯೋಗಾಲಯಕ್ಕೆ ಬರುವ ಹೊಸ ವಿದ್ಯಾರ್ಥಿಗೆ ಸಾಮಾನ್ಯವಾಗಿ ಒಂದು ಪ್ರೋಟೀನನ್ನು ಶುದ್ಧೀಕರಿಸುವ ಕೆಲಸ ಸಿಗುತ್ತದೆ. ಬೇಕಾದ ಪ್ರೋಟೀನಿನ ಜೀನನ್ನು ಇ. ಕೋಲೈ ಬ್ಯಾಕ್ಟೀರಿಯಾದೊಳಗೆ ಸೇರಿಸಿ ಬೆಳೆಸಲಾಗುತ್ತದೆ. ಬಳಿಕ ಆ ಕೋಶಗಳನ್ನು ಒಡೆದು, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ, ತಿಳಿಯಾದ ದ್ರಾವಣವನ್ನು ನಿಕಲ್ ತುಂಬಿದ ಕೊಳವೆಯ ಮೂಲಕ ಹಾಯಿಸಲಾಗುತ್ತದೆ. ಸಾವಿರಾರು ಪ್ರೋಟೀನುಗಳ ಸಂತೆಯಲ್ಲಿ ಬೇಕಾದ ಒಂದು ಮಾತ್ರ ನಿಕಲ್‌ಗೆ ಅಂಟಿಕೊಳ್ಳುವಂತೆ ಅದರ ತುದಿಗೆ ಮೊದಲೇ ಒಂದು ಗುರುತಿನ ಬಾಲವನ್ನು ಜೋಡಿಸಿರುತ್ತಾರೆ. ಕೊನೆಗೆ ಜೆಲ್ ಮೇಲೆ ವಿದ್ಯುತ್ ಹಾಯಿಸಿ, ನೀಲಿ ಬಣ್ಣ ಹಾಕಿ ನೋಡಿದಾಗ ಒಂದೇ ಗೆರೆ ಕಾಣಿಸಿದರೆ ಪ್ರೋಟೀನ್ ಶುದ್ಧವಾಗಿದೆ ಎಂದು ಸ್ಥೂಲವಾಗಿ ಹೇಳಬಹುದು.

ಹೇಳುವಾಗ ಸುಲಭವೆನಿಸುವ ಈ ಕೆಲಸ ಮೊದಲ ಸಲ ಸರಿಯಾಗಿ ಬರುವುದು ಅಪರೂಪ. ಪ್ರೋಟೀನ್ ಗರಣೆಗಟ್ಟಿ ತಳ ಸೇರುತ್ತದೆ. ಬಫರ್‌ನ ಆಮ್ಲೀಯತೆ ತುಸು ಹೆಚ್ಚುಕಡಿಮೆಯಾದರೂ ಕಿಣ್ವ ಕೆಲಸ ನಿಲ್ಲಿಸುತ್ತದೆ. ರಾತ್ರಿ ವಿದ್ಯುತ್ ಕೈಕೊಟ್ಟರೆ ವಾರದ ಶ್ರಮ ವ್ಯರ್ಥ. ಯಾವ ಹಂತದಲ್ಲಿ ತಪ್ಪಾಯಿತು ಎಂದು ಹಿಂದಕ್ಕೆ ನಡೆದು ಹುಡುಕುವ, ಪ್ರತಿ ದಿನದ ಕೆಲಸವನ್ನು ದಿನಾಂಕ ಸಹಿತ ಬರೆದಿಡುವ, ಸೋಲನ್ನು ಮುಚ್ಚಿಡದೆ ಹೇಳುವ ಅಭ್ಯಾಸ ಇಲ್ಲಿ ರೂಢಿಯಾಗುತ್ತದೆ. ಮುಂದೆ ಆ ವಿದ್ಯಾರ್ಥಿ ಯಾವ ವೃತ್ತಿ ಹಿಡಿದರೂ ಜೊತೆಗೆ ಹೋಗುವುದು ಇದೇ ಅಭ್ಯಾಸ.

1933ರ ಒಂದು ಪಾಠ

ಪದವಿ ಮುಗಿಸಿದೊಡನೆ ಪ್ರಯೋಗಾಲಯದ ಬಾಗಿಲು ತಟ್ಟಿದವರ ಚರಿತ್ರೆಯಲ್ಲಿ ಬೆಂಗಳೂರಿಗೆ ಸಂಬಂಧಿಸಿದ ಒಂದು ಹೆಸರು ಕಮಲಾ ಭಾಗವತ್ ಅವರದು. ವಿವಾಹಾನಂತರ ಕಮಲಾ ಸೊಹೊನಿ ಎಂದು ಪ್ರಸಿದ್ಧರಾದ ಅವರು ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಪದವಿಯೊಂದಿಗೆ 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಆಗ ಸಂಸ್ಥೆಯ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಅವರು ಹೆಣ್ಣುಮಗಳೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸಿದರು. ಕಮಲಾ ಪಟ್ಟು ಬಿಡಲಿಲ್ಲ. ಕೊನೆಗೆ ಷರತ್ತುಗಳ ಮೇಲೆ, ಒಂದು ವರ್ಷದ ಪರೀಕ್ಷಾರ್ಥ ಅವಧಿಗೆ ಅವರನ್ನು ಸೇರಿಸಿಕೊಳ್ಳಲಾಯಿತು.

ಎಂ. ಶ್ರೀನಿವಾಸಯ್ಯ ಅವರ ಮಾರ್ಗದರ್ಶನದಲ್ಲಿ ಕಮಲಾ ಹಾಲು ಮತ್ತು ಬೇಳೆಕಾಳುಗಳಲ್ಲಿನ ಪ್ರೋಟೀನುಗಳ ಮೇಲೆ ಕೆಲಸ ಮಾಡಿದರು. ಅಲ್ಲಿಂದ ಕೇಂಬ್ರಿಜ್‌ಗೆ ತೆರಳಿ, ಸಸ್ಯಗಳಲ್ಲಿ ಸೈಟೋಕ್ರೋಮ್ ಸಿ ಎಂಬ ಪ್ರೋಟೀನಿನ ಕುರಿತ ಸಂಶೋಧನೆಗಾಗಿ 1939ರಲ್ಲಿ ಡಾಕ್ಟರೇಟ್ ಪಡೆದರು. ವಿಜ್ಞಾನ ವಿಷಯದಲ್ಲಿ ಡಾಕ್ಟರೇಟ್ ಪಡೆದ ಮೊದಲ ಭಾರತೀಯ ಮಹಿಳೆಯರಲ್ಲಿ ಅವರೊಬ್ಬರೆಂದು ಗುರುತಿಸಲಾಗುತ್ತದೆ. ಭಾರತಕ್ಕೆ ಮರಳಿದ ಮೇಲೂ ಅವರು ಕಾಳುಗಳ ಪ್ರೋಟೀನ್ ಮತ್ತು ನೀರಾದ ಪೋಷಕಾಂಶಗಳ ಅಧ್ಯಯನ ಮುಂದುವರಿಸಿದರು.

ಕಮಲಾ ಅವರ ಬದುಕಿನ ದಿಕ್ಕನ್ನು ನಿರ್ಧರಿಸಿದ್ದು ಬಿ.ಎಸ್ಸಿ.ಯ ಅಂಕಪಟ್ಟಿಯಷ್ಟೇ ಆಗಿರಲಿಲ್ಲ. ಅಂಕಪಟ್ಟಿ ಕೈಯಲ್ಲಿದ್ದೂ ಅವರು ಬಾಗಿಲ ಹೊರಗೇ ನಿಲ್ಲಬೇಕಾಗಿತ್ತು. ಒಳಗೆ ಒಂದು ಮೇಜು ಮತ್ತು ಒಬ್ಬ ಮಾರ್ಗದರ್ಶಕ ದೊರೆತ ಮೇಲೆಯೇ ಮುಂದಿನದೆಲ್ಲ ಸಾಧ್ಯವಾಯಿತು. ಒಂಬತ್ತು ದಶಕಗಳ ನಂತರ ಹೆಣ್ಣುಮಕ್ಕಳಿಗೆ ಅಂತಹ ಘೋಷಿತ ನಿಷೇಧ ಇಲ್ಲ. ಆದರೆ ಊರು, ಕಾಲೇಜು ಮತ್ತು ಹಣಕಾಸಿನ ಅಘೋಷಿತ ತಡೆಗಳು ಉಳಿದಿವೆ.

ಹೊರದೇಶಗಳ ಅನುಭವ

ಪದವಿ ಹಂತದಲ್ಲೇ ಸಂಶೋಧನೆ ಎಂಬ ವಿಚಾರವನ್ನು ವ್ಯವಸ್ಥಿತವಾಗಿ ಬೆಳೆಸಿದ ದೇಶಗಳಲ್ಲಿ ಅಮೆರಿಕ ಮುಂಚೂಣಿಯಲ್ಲಿದೆ. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆ 1969ರಲ್ಲಿ ಇದಕ್ಕೆಂದೇ ಒಂದು ಕಾರ್ಯಕ್ರಮ ಆರಂಭಿಸಿತು. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 1987ರಿಂದ, ಬೇರೆ ಬೇರೆ ಕಾಲೇಜುಗಳ ವಿದ್ಯಾರ್ಥಿಗಳು ಬೇಸಿಗೆಯಲ್ಲಿ ಸಂಶೋಧನಾ ಸಂಸ್ಥೆಗಳಿಗೆ ಹೋಗಿ ಕೆಲಸ ಮಾಡಲು ಭತ್ಯೆ ಸಹಿತ ಅವಕಾಶ ಕಲ್ಪಿಸುತ್ತ ಬಂದಿದೆ.

ಅದರ ಫಲ ಎಷ್ಟು ವಿಚಿತ್ರ ದಾರಿಯಲ್ಲಿ ಬರಬಹುದು ಎಂಬುದಕ್ಕೆ ರೊಡರಿಕ್ ಮೆಕಿನ್ನನ್ ಅವರ ಬದುಕು ಸಾಕ್ಷಿ. ಬ್ರಾಂಡೈಸ್ ವಿಶ್ವವಿದ್ಯಾಲಯದಲ್ಲಿ ಜೀವರಸಾಯನ ಪದವಿ ಓದುವಾಗ ಅವರು ಕ್ರಿಸ್ಟೋಫರ್ ಮಿಲ್ಲರ್ ಅವರ ಪ್ರಯೋಗಾಲಯದಲ್ಲಿ ಪ್ರಬಂಧಕ್ಕಾಗಿ ಕೆಲಸ ಮಾಡಿದರು. ಬಳಿಕ ಸಂಶೋಧನೆ ಬಿಟ್ಟು ವೈದ್ಯಕೀಯ ಓದಿ ವೈದ್ಯರಾದರು. ಆದರೆ ಮೂವತ್ತರ ಆಸುಪಾಸಿನಲ್ಲಿ ವೈದ್ಯವೃತ್ತಿಯಿಂದ ಹೊರಳಿ, ತಮ್ಮ ಪದವಿ ದಿನಗಳ ಅದೇ ಪ್ರಯೋಗಾಲಯಕ್ಕೆ ಮರಳಿದರು. ಪೊಟ್ಯಾಸಿಯಂ ಕಣಗಳನ್ನು ಜೀವಕೋಶದ ಪೊರೆಯ ಮೂಲಕ ಹಾಯಿಸುವ ಪ್ರೋಟೀನ್ ನಾಳದ ರಚನೆಯನ್ನು 1998ರಲ್ಲಿ ಬಿಡಿಸಿದ ಅವರಿಗೆ 2003ರ ರಸಾಯನ ವಿಜ್ಞಾನ ನೊಬೆಲ್‌ನಲ್ಲಿ ಪಾಲು ದೊರೆಯಿತು. ಜೀನ್ ಕತ್ತರಿಸುವ ಕ್ಯಾಸ್9 ಪ್ರೋಟೀನಿನ ಕೆಲಸಕ್ಕೆ 2020ರಲ್ಲಿ ನೊಬೆಲ್ ಹಂಚಿಕೊಂಡ ಜೆನಿಫರ್ ಡೌಡ್ನಾ ಕೂಡ ಪೊಮೊನಾ ಎಂಬ ಸಣ್ಣ ಕಾಲೇಜಿನಲ್ಲಿ ಜೀವರಸಾಯನ ಪದವಿ ಓದುವಾಗಲೇ ಪ್ರಯೋಗಾಲಯದ ಕೆಲಸಕ್ಕೆ ಇಳಿದವರು.

ನೊಬೆಲ್ ಪಡೆದವರನ್ನಷ್ಟೇ ನೋಡಿ ನಿರ್ಣಯಕ್ಕೆ ಬರುವುದು ಸರಿಯಲ್ಲ. ಸಾಮಾನ್ಯ ವಿದ್ಯಾರ್ಥಿಗಳ ಬಗೆಗೂ ಅಧ್ಯಯನಗಳು ನಡೆದಿವೆ. ಗ್ರಿನೆಲ್ ಕಾಲೇಜಿನ ಮನಃಶಾಸ್ತ್ರಜ್ಞ ಡೇವಿಡ್ ಲೊಪಾಟೊ 2004ರಲ್ಲಿ ಪ್ರಕಟಿಸಿದ ಸಮೀಕ್ಷೆ 41 ಸಂಸ್ಥೆಗಳ 1,135 ವಿದ್ಯಾರ್ಥಿಗಳನ್ನು ಒಳಗೊಂಡಿತ್ತು. ಬೇಸಿಗೆ ಸಂಶೋಧನೆ ಮುಗಿಸಿದವರಲ್ಲಿ ಶೇ 80ಕ್ಕೂ ಹೆಚ್ಚು ಮಂದಿ ವಿಜ್ಞಾನದಲ್ಲಿ ಉನ್ನತ ವ್ಯಾಸಂಗದ ಯೋಜನೆಯನ್ನು ಹೊಸದಾಗಿ ಹಾಕಿಕೊಂಡಿದ್ದರು ಅಥವಾ ಉಳಿಸಿಕೊಂಡಿದ್ದರು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಪ್ರಯೋಗಾಲಯಕ್ಕೆ ಅರ್ಜಿ ಹಾಕುವವರು ಮೊದಲೇ ಆಸಕ್ತರಾಗಿರುತ್ತಾರೆ. ಹೀಗಾಗಿ ಎಲ್ಲ ಶ್ರೇಯಸ್ಸನ್ನೂ ಕಾರ್ಯಕ್ರಮಕ್ಕೇ ಕೊಡಲಾಗದು. ‘ಈ ಕೆಲಸ ತನಗೆ ಒಗ್ಗುವುದಿಲ್ಲ’ ಎಂದು ಎರಡು ತಿಂಗಳಲ್ಲಿ ತಿಳಿದುಕೊಳ್ಳುವುದೂ ಲಾಭವೇ. ಅದೇ ಸಂಗತಿ ಪಿಎಚ್.ಡಿ.ಯ ನಾಲ್ಕನೇ ವರ್ಷದಲ್ಲಿ ತಿಳಿದರೆ ಆಗುವ ನಷ್ಟ ದೊಡ್ಡದು.

ಮುಂದೆ ಅವರು ಹೋಗುವುದೆಲ್ಲಿಗೆ?

ಪ್ರೋಟೀನ್ ಪ್ರಯೋಗಾಲಯದಲ್ಲಿ ಪಳಗಿದವರೆಲ್ಲ ವಿಜ್ಞಾನಿಗಳೇ ಆಗಬೇಕೆಂಬ ನಿರೀಕ್ಷೆ ವಾಸ್ತವಕ್ಕೆ ದೂರ. ಒಂದು ಪಾಲು ಪಿಎಚ್.ಡಿ.ಗೆ ಹೋಗುತ್ತದೆ. ಉಳಿದವರು ಔಷಧ ಕಂಪೆನಿಗಳ ಗುಣಮಟ್ಟ ಪರೀಕ್ಷೆ, ಉತ್ಪಾದನೆ, ರೋಗಪತ್ತೆ ಕಿಟ್‌ಗಳ ತಯಾರಿಕೆ, ಪೇಟೆಂಟ್ ದಾಖಲೆಗಳ ಪರಿಶೀಲನೆ, ದತ್ತಾಂಶ ವಿಶ್ಲೇಷಣೆ, ಅಧ್ಯಾಪನ ಹೀಗೆ ಹಲವು ಕವಲುಗಳಲ್ಲಿ ಸಾಗುತ್ತಾರೆ.

ಬೆಂಗಳೂರಿನ ಉದ್ಯಮದ ಚರಿತ್ರೆಯೇ ಇದಕ್ಕೆ ಹಿನ್ನೆಲೆ ಒದಗಿಸುತ್ತದೆ. 1978ರಲ್ಲಿ ಕಿರಣ್ ಮಜುಂದಾರ್ ಷಾ ಆರಂಭಿಸಿದ ಬಯೋಕಾನ್‌ನ ಮೊದಲ ಉತ್ಪನ್ನಗಳಲ್ಲಿ ಪರಂಗಿ ಹಾಲಿನಿಂದ ತೆಗೆದ ಪಪೇನ್ ಎಂಬ ಕಿಣ್ವವೂ ಇತ್ತು. ಕಿಣ್ವವೆಂದರೆ ಪ್ರೋಟೀನೇ. ಅಲ್ಲಿಂದ ಇನ್ಸುಲಿನ್, ಕ್ಯಾನ್ಸರ್ ವಿರುದ್ಧದ ಪ್ರತಿಕಾಯ ಔಷಧಗಳವರೆಗೆ ಈ ಉದ್ಯಮ ಬೆಳೆದಿದೆ. ಇವೆಲ್ಲವೂ ಪ್ರೋಟೀನುಗಳು. ಕೋಶಗಳಲ್ಲಿ ಬೆಳೆಸುವುದು, ಬೇರ್ಪಡಿಸುವುದು, ಶುದ್ಧತೆ ಅಳೆಯುವುದು ಎಂಬ ಮೂರು ಹಂತಗಳು ವಿದ್ಯಾರ್ಥಿಯ ಮೇಜಿನ ಮೇಲೂ ಕಾರ್ಖಾನೆಯ ದೊಡ್ಡ ಉಕ್ಕಿನ ಪಾತ್ರೆಗಳಲ್ಲೂ ತತ್ವತಃ ಒಂದೇ.

ಆದರೂ ಪದವೀಧರರಿಗೂ ಉದ್ಯಮಕ್ಕೂ ನಡುವೆ ಕಂದಕವಿದೆ. ರಾಜ್ಯ ಸರ್ಕಾರವೇ ಜೈವಿಕ ತಂತ್ರಜ್ಞಾನದಲ್ಲಿ ಕೌಶಲ ವರ್ಧನೆಯ ಸ್ನಾತಕೋತ್ತರ ಡಿಪ್ಲೊಮಾ ಕಾರ್ಯಕ್ರಮಗಳನ್ನು ನಡೆಸಬೇಕಾಗಿ ಬಂದದ್ದು ಈ ಕಂದಕಕ್ಕೆ ಪುರಾವೆ. ಪಿಪೆಟ್ ಹಿಡಿಯುವ, ಜೆಲ್ ಓದುವ, ದಾಖಲೆ ಇಡುವ ಅಭ್ಯಾಸ ಪದವಿಯಲ್ಲೇ ಆಗಿದ್ದರೆ ಅದಕ್ಕಾಗಿ ಮತ್ತೊಂದು ವರ್ಷ, ಮತ್ತಷ್ಟು ಹಣ ವ್ಯಯಿಸುವ ಅಗತ್ಯ ಕಡಿಮೆಯಾಗುತ್ತಿತ್ತು.

ಇರುವ ಏಣಿಗಳು, ಕಳಚಿದ ಮೆಟ್ಟಿಲು

ದೇಶದಲ್ಲಿ ಪದವಿ ವಿದ್ಯಾರ್ಥಿಗಳಿಗೆ ಸಂಶೋಧನೆಯ ದಾರಿಗಳೇ ಇಲ್ಲವೆಂದಲ್ಲ. ವಿಜ್ಞಾನ ಸಂಸ್ಥೆ 2011ರಲ್ಲಿ ನಾಲ್ಕು ವರ್ಷಗಳ ಪದವಿ ಆರಂಭಿಸಿತು. 2006ರಿಂದ ಸ್ಥಾಪನೆಯಾದ ಏಳು ಐಸರ್‌ಗಳಲ್ಲಿ ಐದು ವರ್ಷಗಳ ಸಂಯೋಜಿತ ವ್ಯಾಸಂಗದ ಕೊನೆಯ ವರ್ಷ ಸಂಶೋಧನಾ ಪ್ರಬಂಧಕ್ಕೆ ಮೀಸಲು. ಆ ಏಳರಲ್ಲಿ ಒಂದೂ ಕರ್ನಾಟಕದಲ್ಲಿಲ್ಲ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಜಂಟಿಯಾಗಿ ಬೇಸಿಗೆ ಸಂಶೋಧನಾ ಫೆಲೋಶಿಪ್ ನೀಡುತ್ತ ಬಂದಿವೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಪದವಿ ವಿದ್ಯಾರ್ಥಿಗಳಿಗೆಂದು ಬೇಸಿಗೆ ಕಾರ್ಯಕ್ರಮಗಳನ್ನು ರೂಪಿಸಿದೆ.

ಆದರೆ ಏಣಿಯ ಒಂದು ಮುಖ್ಯ ಮೆಟ್ಟಿಲು ಕಳಚಿದೆ. 1999ರಲ್ಲಿ ಆರಂಭವಾಗಿ ವಿಜ್ಞಾನ ಸಂಸ್ಥೆಯ ಮೂಲಕ ನಡೆಯುತ್ತಿದ್ದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆ 2022ರಲ್ಲಿ ನಿಂತು, ‘ಇನ್‌ಸ್ಪೈರ್’ ಯೋಜನೆಯಲ್ಲಿ ವಿಲೀನವಾಯಿತು. ಹಳೆಯ ಯೋಜನೆಯಲ್ಲಿ ಪದವಿ ವಿದ್ಯಾರ್ಥಿಗೆ ತಿಂಗಳಿಗೆ 5,000 ರೂಪಾಯಿ ಮತ್ತು ವಾರ್ಷಿಕ 20,000 ರೂಪಾಯಿ ಇತರ ವೆಚ್ಚಕ್ಕೆ ಸಿಗುತ್ತಿತ್ತು. ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ 80,000 ರೂಪಾಯಿ. ಅದರಲ್ಲಿ 20,000 ರೂಪಾಯಿ ಬೇಸಿಗೆ ಸಂಶೋಧನಾ ಯೋಜನೆಗೆ. ಮೊತ್ತದಲ್ಲಿ ವ್ಯತ್ಯಾಸವಿಲ್ಲ. ಆಯ್ಕೆಯ ವಿಧಾನ ಮಾತ್ರ ಬೇರೆ. ಒಂದು ಪ್ರವೇಶ ಪರೀಕ್ಷೆಯ ಮೂಲಕ ಆಸಕ್ತರನ್ನು ಹುಡುಕುತ್ತಿತ್ತು. ಇನ್ನೊಂದು ಮುಖ್ಯವಾಗಿ ದ್ವಿತೀಯ ಪಿಯುಸಿ ಅಂಕಗಳ ಅಗ್ರಪಂಕ್ತಿಯನ್ನು ನೋಡುತ್ತದೆ.

ಈ ಎಲ್ಲ ಅವಕಾಶಗಳಿಗೂ ಒಂದು ಸಮಾನ ಲಕ್ಷಣವಿದೆ. ಅವು ಅರ್ಜಿ ಹಾಕಬಲ್ಲವರಿಗೆ ಮಾತ್ರ. ಅರ್ಜಿಗೆ ಅಧ್ಯಾಪಕರ ಶಿಫಾರಸು ಪತ್ರ ಬೇಕು, ಸಂಶೋಧನಾ ಆಸಕ್ತಿಯ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಟ ಬರೆಯಬೇಕು, ಬೇಸಿಗೆಯ ಎರಡು ತಿಂಗಳು ದುಡಿಮೆಯಿಲ್ಲದೆ ಬೆಂಗಳೂರಿನಲ್ಲಿ ಇರುವ ಸಾಮರ್ಥ್ಯ ಬೇಕು. ಯಾದಗಿರಿಯ ಅಥವಾ ಚಾಮರಾಜನಗರದ ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗೆ ಇಂತಹದೊಂದು ಅರ್ಜಿ ಇದೆಯೆಂದು ತಿಳಿಸುವವರು ಯಾರು?

ನಾಲ್ಕನೇ ವರ್ಷದ ವಾದ, ಪ್ರತಿವಾದ

ವಿಶ್ವವಿದ್ಯಾಲಯ ಧನಸಹಾಯ ಆಯೋಗ 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಪಠ್ಯಕ್ರಮ ಚೌಕಟ್ಟಿನ ಪ್ರಕಾರ, ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ 75ರಷ್ಟು ಅಂಕ ಪಡೆದವರು ನಾಲ್ಕನೇ ವರ್ಷದಲ್ಲಿ 12 ಕ್ರೆಡಿಟ್‌ಗಳ ಸಂಶೋಧನಾ ಯೋಜನೆ ಕೈಗೊಳ್ಳಬಹುದು. ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಅಂಕ ಗಳಿಸಿದವರು ಸ್ನಾತಕೋತ್ತರ ಪದವಿಯಿಲ್ಲದೆ ಪಿಎಚ್.ಡಿ.ಗೆ ಅರ್ಹರು. ಕಿರಿಯ ಸಂಶೋಧನಾ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿಗೆ ಏರಿದ್ದರಿಂದ, ಒಂದು ವರ್ಷ ಮೊದಲೇ ಅದನ್ನು ತಲುಪುವುದು ಬಡ ಕುಟುಂಬದ ವಿದ್ಯಾರ್ಥಿಗೆ ಸಣ್ಣ ಸಂಗತಿಯಲ್ಲ.

ಇದು ನಾಲ್ಕು ವರ್ಷದ ಪದವಿಯ ಪರವಾದ ವಾದ. ಇದಕ್ಕೆ ಪ್ರತಿವಾದವೂ ಬಲವಾಗಿಯೇ ಇದೆ. ಸೆಂಟ್ರಿಫ್ಯೂಜ್ ಇಲ್ಲದ, ಕಾಯಂ ಅಧ್ಯಾಪಕರ ಜಾಗದಲ್ಲಿ ಅತಿಥಿ ಉಪನ್ಯಾಸಕರು ಪಾಠ ಮಾಡುವ ಕಾಲೇಜಿನಲ್ಲಿ ನಾಲ್ಕನೇ ವರ್ಷದ ‘ಸಂಶೋಧನೆ’ ಬೇರೆಲ್ಲಿಂದಲೋ ನಕಲು ಮಾಡಿದ ಐವತ್ತು ಪುಟಗಳ ಪ್ರಬಂಧವಾಗಿ ಮುಗಿಯುವ ಅಪಾಯ ಇದ್ದೇ ಇತ್ತು. ಒಂದು ವರ್ಷದ ಹೆಚ್ಚುವರಿ ಖರ್ಚು, ಹೆಣ್ಣುಮಕ್ಕಳ ವಿಷಯದಲ್ಲಿ ಓದು ನಿಲ್ಲಿಸುವ ಒತ್ತಡ ಇವೂ ನಿಜವೇ. ಮೂರು ವರ್ಷದ ಪದವೀಧರರಿಗೆ ವಿಜ್ಞಾನ ಸಂಸ್ಥೆಯಂತಹ ಕಡೆ ಸಂಯೋಜಿತ ಪಿಎಚ್.ಡಿ. ಎಂಬ ನೇರ ದಾರಿಯೂ ಇದೆ. ಆದರೆ ಅಲ್ಲಿನ ಸ್ಥಾನಗಳು ಬೆರಳೆಣಿಕೆಯವು. ಸಂದರ್ಶನದಲ್ಲಿ ಮೇಲುಗೈ ಸಾಧಿಸುವವರು ಬಹುಪಾಲು ಪ್ರಯೋಗಾಲಯದ ಅನುಭವ ಮೊದಲೇ ಇದ್ದವರು. ಹೀಗೆ ಪ್ರಶ್ನೆ ಹೊರಟಲ್ಲಿಗೇ ಮರಳುತ್ತದೆ.

ಕಂಪ್ಯೂಟರ್ ಬಂದ ಮೇಲೆ ಮೇಜು ಬೇಕೇ?

ಪ್ರೋಟೀನಿನ ಆಕಾರವನ್ನು ಕಂಪ್ಯೂಟರ್ ಮೂಲಕ ಊಹಿಸುವ ‘ಆಲ್ಫಾಫೋಲ್ಡ್’ 2020ರಲ್ಲಿ ತನ್ನ ಸಾಮರ್ಥ್ಯ ತೋರಿಸಿತು. 2022ರ ವೇಳೆಗೆ 20 ಕೋಟಿಗೂ ಹೆಚ್ಚು ಪ್ರೋಟೀನುಗಳ ಊಹಿತ ರಚನೆಗಳು ಉಚಿತವಾಗಿ ಲಭ್ಯವಾದವು. ಅದರ ನಿರ್ಮಾತೃಗಳಾದ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ, ಹೊಸ ಪ್ರೋಟೀನುಗಳನ್ನು ವಿನ್ಯಾಸಗೊಳಿಸಿದ ಡೇವಿಡ್ ಬೇಕರ್ ಅವರೊಂದಿಗೆ 2024ರ ರಸಾಯನ ವಿಜ್ಞಾನ ನೊಬೆಲ್ ಸಂದಿತು. ಹಾಗಿದ್ದರೆ ಇನ್ನು ಜೆಲ್ ಹಿಡಿದು ಕೂರುವ ಅಗತ್ಯವೇನು ಎಂಬ ಪ್ರಶ್ನೆ ಸಹಜ.

ಊಹಿಸಿದ ಆಕಾರದ ಪ್ರೋಟೀನ್ ನಿಜವಾಗಿ ಕೆಲಸ ಮಾಡುತ್ತದೆಯೇ, ಎಷ್ಟು ವೇಗದಲ್ಲಿ, ಯಾವ ಉಷ್ಣತೆಯವರೆಗೆ ಎಂಬುದನ್ನು ಪರೀಕ್ಷಿಸಲು ಮೇಜಿನ ಕೆಲಸವೇ ಬೇಕು. ಅದೇ ವೇಳೆ ಈ ಬೆಳವಣಿಗೆ ಜಿಲ್ಲಾ ಕಾಲೇಜುಗಳಿಗೆ ಅನುಕೂಲವನ್ನೂ ತಂದಿದೆ. ಒಂದು ಕಾಲದಲ್ಲಿ ಕೋಟ್ಯಂತರ ರೂಪಾಯಿಯ ಯಂತ್ರಗಳಿದ್ದವರು ಮಾತ್ರ ಕೇಳಬಹುದಾಗಿದ್ದ ರಚನೆಯ ಪ್ರಶ್ನೆಗಳನ್ನು ಇಂದು ಅಂತರ್ಜಾಲ ಸಂಪರ್ಕವಿರುವ ಕಾಲೇಜಿನ ಕಂಪ್ಯೂಟರಿನಲ್ಲೇ ಕೇಳಬಹುದು.

ಆಗಬೇಕಾದುದೇನು?

ವರ್ಷಗಳ ಸಂಖ್ಯೆಯನ್ನು ಮತ್ತೆ ಬದಲಿಸದೆಯೂ ಮಾಡಬಹುದಾದ ಕೆಲಸಗಳಿವೆ. ಮೂರು ವರ್ಷದ ಪದವಿಯ ಕೊನೆಯ ಎರಡು ಸೆಮಿಸ್ಟರ್‌ಗಳಲ್ಲಿ, ಆಸಕ್ತರಿಗೆ ಒಂದು ಐಚ್ಛಿಕ ಪತ್ರಿಕೆಯ ಬದಲಾಗಿ ಸಂಶೋಧನಾ ಯೋಜನೆಗೆ ಅವಕಾಶ ನೀಡಬಹುದು. ಅದಕ್ಕೆ ದುಬಾರಿ ವಿಷಯವೇ ಬೇಕೆಂದಿಲ್ಲ. ಮೊಳಕೆ ಬರಿಸಿದ ರಾಗಿಯಲ್ಲಿ ಪಿಷ್ಟವನ್ನು ಒಡೆಯುವ ಅಮೈಲೇಸ್ ಕಿಣ್ವ ದಿನದಿಂದ ದಿನಕ್ಕೆ ಹೇಗೆ ಏರುತ್ತದೆ, ಹುರುಳಿ ಮತ್ತು ಅವರೆಕಾಳಿನಲ್ಲಿ ಜೀರ್ಣಕ್ರಿಯೆಗೆ ಅಡ್ಡಿಯಾಗುವ ಪ್ರತಿಬಂಧಕ ಪ್ರೋಟೀನುಗಳು ಎಷ್ಟು ಹೊತ್ತು ಬೇಯಿಸಿದರೆ ನಿಷ್ಕ್ರಿಯವಾಗುತ್ತವೆ ಎಂಬಂಥ ಪ್ರಶ್ನೆಗಳಿಗೆ ಸಾಧಾರಣ ಸಲಕರಣೆ ಸಾಕು. ಸ್ಥಳೀಯ ತಳಿಗಳ ಮೇಲೆ ಕೇಳಿದರೆ ಉತ್ತರಗಳು ಹೊಸವೇ ಆಗಿರುತ್ತವೆ. ಕಮಲಾ ಸೊಹೊನಿ ಕೈಹಾಕಿದ್ದೂ ಇಂತಹ ಕಾಳುಗಳಿಗೇ.

ಪ್ರತಿ ಕಾಲೇಜಿಗೂ ಪೂರ್ಣ ಪ್ರಯೋಗಾಲಯ ಕಟ್ಟುವುದು ಅಸಾಧ್ಯವಾದರೆ, ಜಿಲ್ಲೆಗೊಂದು ಹಂಚಿಕೆಯ ಪ್ರಯೋಗಾಲಯ ಸಾಧ್ಯ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ಸ್ಟಾರ್ ಕಾಲೇಜು ಯೋಜನೆ 2008ರಿಂದ ಪದವಿ ಕಾಲೇಜುಗಳ ಪ್ರಯೋಗಾಲಯಗಳಿಗೆ ನೆರವು ನೀಡುತ್ತ ಬಂದಿದೆ. ಸರ್ಕಾರಿ ಕಾಲೇಜುಗಳು ಇಂತಹ ನೆರವಿಗೆ ಅರ್ಜಿ ಹಾಕುವಂತೆ ಸಹಾಯ ಮಾಡುವ ಹೊಣೆಯನ್ನು ಕಾಲೇಜು ಶಿಕ್ಷಣ ಇಲಾಖೆ ಹೊರಬೇಕು. ಬೇಸಿಗೆಯಲ್ಲಿ ಬೆಂಗಳೂರು, ಮೈಸೂರು, ಧಾರವಾಡಗಳ ಪ್ರಯೋಗಾಲಯಗಳಿಗೆ ಹೋಗುವ ಗ್ರಾಮೀಣ ವಿದ್ಯಾರ್ಥಿಗಳಿಗೆ ವಸತಿ ಮತ್ತು ಊಟದ ವೆಚ್ಚ ಭರಿಸುವುದು ರಾಜ್ಯದ ಬೊಕ್ಕಸಕ್ಕೆ ಭಾರವಾಗುವ ಬಾಬತ್ತಲ್ಲ.

ಇವೆಲ್ಲಕ್ಕಿಂತ ಸುಲಭವಾದ, ಖರ್ಚೂ ಇಲ್ಲದ ಇನ್ನೊಂದು ಕೆಲಸವಿದೆ. ಯೋಜನೆ ಮುಗಿಸಿದ ವಿದ್ಯಾರ್ಥಿ ಐದು ವರ್ಷಗಳ ಬಳಿಕ ಎಲ್ಲಿದ್ದಾನೆ, ಏನು ಮಾಡುತ್ತಿದ್ದಾಳೆ ಎಂದು ಕಾಲೇಜುಗಳು ದಾಖಲಿಸಬೇಕು. ವಿದೇಶಗಳಲ್ಲಿ ಅನೇಕ ಪ್ರಯೋಗಾಲಯಗಳು ತಮ್ಮಲ್ಲಿ ಕೆಲಸ ಮಾಡಿದ ಪದವಿ ವಿದ್ಯಾರ್ಥಿಗಳ ಪಟ್ಟಿಯನ್ನೂ ಅವರ ಈಗಿನ ಉದ್ಯೋಗವನ್ನೂ ಹೆಮ್ಮೆಯಿಂದ ಪ್ರಕಟಿಸುತ್ತವೆ. ಅಂತಹ ಪಟ್ಟಿ ಹೊಸ ವಿದ್ಯಾರ್ಥಿಗೆ ದಾರಿದೀಪ, ಪೋಷಕರಿಗೆ ಭರವಸೆ, ಸರ್ಕಾರಕ್ಕೆ ಲೆಕ್ಕ. ಮೂರು ವರ್ಷ ಸಾಕೇ, ನಾಲ್ಕು ಬೇಕೇ ಎಂಬ ಚರ್ಚೆಗೆ ಆಧಾರವಾಗಬೇಕಾಗಿದ್ದುದೂ ಇಂತಹ ಲೆಕ್ಕವೇ.

ನೀತಿಗಳು ಸರ್ಕಾರಗಳೊಂದಿಗೆ ಬದಲಾಗುತ್ತವೆ. 2021ರಲ್ಲಿ ಪದವಿಗೆ ಸೇರಿದವರಿಗೆ ಒಂದು ನಿಯಮ, 2024ರಲ್ಲಿ ಸೇರಿದವರಿಗೆ ಇನ್ನೊಂದು. ಆದರೆ ಇಬ್ಬರ ಪ್ರಾಯವೂ ಒಂದೇ, ಕುತೂಹಲವೂ ಒಂದೇ. ತಮ್ಮ ಊರಿನ ಕಾಲೇಜಿನಲ್ಲೇ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆಯನ್ನು ಹಿಡಿದು ಆರು ತಿಂಗಳು ದುಡಿಯುವ ಅವಕಾಶ ಇವರಿಗೆ ಸಿಕ್ಕೀತೇ ಎಂಬುದನ್ನು ಮುಂದಿನ ಶೈಕ್ಷಣಿಕ ಸಾಲಿನ ಪಠ್ಯಕ್ರಮ ಸಮಿತಿಗಳು ತೀರ್ಮಾನಿಸಬೇಕಾಗಿದೆ.